ಸರತಿಯಲ್ಲಿ ನಿಂತಿದ್ದು ಅಪ್ಪ, ವಯಸ್ಸಾಗಿದ್ದು ಮಗಳಿಗೆ

ನಮಸ್ಕಾರ. ಅಮೆರಿಕದಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ದುಡಿಯೋ ನಮ್ಮವರ ಮನೆಗಳಲ್ಲಿ, ಮಕ್ಕಳು ಹೈಸ್ಕೂಲ್ ಮುಗಿಸೋ ಹೊತ್ತಿಗೆ ಒಂದು ಲೆಕ್ಕ ಶುರುವಾಗುತ್ತೆ. 21 ತುಂಬೋದು ಯಾವತ್ತು? ಗ್ರೀನ್ ಕಾರ್ಡ್ ಸರತಿ ಬರೋದು ಯಾವತ್ತು? 21 ಮೊದಲು ಬಂದರೆ ಮಗು ಅಪ್ಪನ ಅರ್ಜಿಯಿಂದ ಹೊರಗೆ. ಇದಕ್ಕೇ ‘ಏಜ್ ಔಟ್’ ಅಂತಾರೆ.

ಇದನ್ನ ತಡೆಯೋಕೆ ಕಾನೂನು ಇಲ್ಲ ಅಂತಲ್ಲ, ಇದೆ. 2002ರ ಆಗಸ್ಟ್ 6ರಂದು ಜಾರಿಗೆ ಬಂದ ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್ ಆಕ್ಟ್. ಆದರೆ ಅದು ಕೊಡೆ ಹಿಡಿದಿರೋದು ತುಂತುರು ಹನಿಗೆ, ಜಡಿಮಳೆಗಲ್ಲ. ಹೇಗೆ ಅಂತ ನೋಡೋಣ.

ಸೂತ್ರ ಸರಳ. ವೀಸಾ ಸಂಖ್ಯೆ ಸಿಗುವ ದಿನ, ಅಂದರೆ ಸಾಲಿನಲ್ಲಿ ಸರದಿ ಬಂದ ದಿನ, ಮಗುವಿನ ವಯಸ್ಸು ಎಷ್ಟು ಅಂತ ನೋಡಿ, ಅದರಿಂದ ಅಪ್ಪನ ಅಥವಾ ಅಮ್ಮನ ಪರವಾಗಿ ಕಂಪನಿ ಹಾಕಿದ ಐ-140 ಅರ್ಜಿ ತೀರ್ಮಾನವಾಗದೆ ಎಷ್ಟು ದಿನ ಬಾಕಿ ಇತ್ತೋ ಅಷ್ಟು ದಿನ ಕಳೀಬೇಕು. ಉತ್ತರ 21ಕ್ಕಿಂತ ಕಡಿಮೆ ಇರಬೇಕು, ಮದುವೆ ಆಗಿರಬಾರದು, ಸಂಖ್ಯೆ ಸಿಕ್ಕ ಒಂದು ವರ್ಷದೊಳಗೆ ಐ-485 (ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ) ಹಾಕೋದೋ ಮತ್ತೊಂದೋ, ಗ್ರೀನ್ ಕಾರ್ಡಿಗೆ ಹೆಜ್ಜೆ ಇಟ್ಟಿರಬೇಕು.

ಒಂದು ಉದಾಹರಣೆ. ಮಗಳಿಗೆ ಜೂನ್ 10ಕ್ಕೆ 21 ತುಂಬಿತು, ತಾರೀಖು ಕರೆಂಟ್ ಆಗಿದ್ದು, ಅಂದರೆ ಸರದಿ ಬಂದಿದ್ದು, ಅಕ್ಟೋಬರ್ 1ಕ್ಕೆ. 113 ದಿನ ಹೆಚ್ಚಾಯ್ತು. ಐ-140 ಮಾಮೂಲಿ ದಾರಿಯಲ್ಲಿ ಆರು ತಿಂಗಳು ತಗೊಂಡಿದ್ದರೆ ಸುಮಾರು 180 ದಿನ ಕಳೀಬಹುದು, ಮಗಳು ಬಚಾವ್. ಅದೇ ಪ್ರೀಮಿಯಂ ಪ್ರೊಸೆಸಿಂಗ್‌ಗೆ ದುಡ್ಡು ಕಟ್ಟಿ 15 ಕೆಲಸದ ದಿನದಲ್ಲಿ ಅನುಮೋದನೆ ತಗೊಂಡಿದ್ದರೆ? ಕಳೆಯೋಕೆ ಸಿಗೋದು ಮೂರು ವಾರ. ಮಗಳು ಹೊರಗೆ. ದುಡ್ಡು ಕೊಟ್ಟು ಅವಸರ ಮಾಡಿದವರಿಗೆ ನಷ್ಟ, ಸುಮ್ಮನೆ ಕಾದವರಿಗೆ ಲಾಭ! ಹಾಗಂತ ಪ್ರೀಮಿಯಂ ಬೇಡವೇ ಬೇಡ ಅನ್ನೋ ಹಾಗಿಲ್ಲ. ಎಚ್-1ಬಿ ಆರು ವರ್ಷ ಮುಗೀತಾ ಬಂದಿದ್ದರೆ ಮುಂದಿನ ಮೂರು ವರ್ಷದ ವಿಸ್ತರಣೆಗೆ ಐ-140 ಅನುಮೋದನೆ ಬೇಕು. ಆದರೆ ಮಗುವಿನ ಜನ್ಮದಿನಾಂಕ ಮುಂದಿಟ್ಟುಕೊಳ್ಳದೆ ಕಂಪನಿಯ ವಕೀಲರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ. ಆ ವಕೀಲರನ್ನ ಗೊತ್ತು ಮಾಡಿರೋದು ಕಂಪನಿ. ನಿಮ್ಮ ಮಗಳ ವಯಸ್ಸು ಅವರ ಕಡತದಲ್ಲಿ ದೊಡ್ಡ ವಿಷಯ ಅಲ್ಲ.

ಈಗ ಜಡಿಮಳೆಗೆ ಬರೋಣ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗೆ ಕಾನೂನು ಇಟ್ಟಿರೋ ಸಂಖ್ಯೆ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಹೆಂಡತಿ, ಗಂಡ, ಮಕ್ಕಳೂ ಲೆಕ್ಕಕ್ಕೆ ಸೇರ್ತಾರೆ. ಯಾವುದೇ ಒಂದು ದೇಶಕ್ಕೆ ಮಿತಿ 7 ಶೇಕಡ. ಭಾರತದಲ್ಲಿ ಹುಟ್ಟಿದವರ ಸಾಲು ಬೆಳೆದಿರೋದೇ ಇದರಿಂದ. 2022ರ ಸೆಪ್ಟೆಂಬರ್‌ನಲ್ಲಿ ಇಬಿ-2 (ಉನ್ನತ ಪದವಿ ಬೇಕಾದ ಕೆಲಸಗಳ ವರ್ಗ) ಭಾರತದ ತಾರೀಖು 2014ರ ಡಿಸೆಂಬರ್ 1ರವರೆಗೆ ಬಂದಿತ್ತು, ಅಂದರೆ ಆ ದಿನಕ್ಕೆ ಮೊದಲು ಸಾಲಿಗೆ ಸೇರಿದವರ ಸರದಿ. ಮುಂದಿನ ತಿಂಗಳೇ 2012ರ ಏಪ್ರಿಲ್ 1ಕ್ಕೆ ಜಾರಿತು. ಮೂರು ವರ್ಷ ಕಳೆದು, 2025ರ ಅಕ್ಟೋಬರ್‌ನಲ್ಲಿ ತಲುಪಿದ್ದು 2013ರ ಏಪ್ರಿಲ್ 1. ಮೂರು ವರ್ಷಕ್ಕೆ ಒಂದು ವರ್ಷದ ದಾರಿ. ಈ ಕಾಯುವಿಕೆಯಲ್ಲಿ ಒಂದು ದಿನವನ್ನೂ ಕಾನೂನು ಮಗುವಿನ ವಯಸ್ಸಿನಿಂದ ಕಳೆಯೋದಿಲ್ಲ. ಅದಕ್ಕೂ ಹಿಂದಿನ ಹಂತ, ಕಾರ್ಮಿಕ ಇಲಾಖೆಯ ಪರ್ಮ್ ಅನ್ನೋ ದೃಢೀಕರಣಕ್ಕೆ ಹೋಗೋ ಕಾಲವನ್ನೂ ಕಳೆಯೋದಿಲ್ಲ. ಕಡತ ಮೇಜಿನ ಮೇಲೆ ಕೂತಿದ್ದಕ್ಕೆ ರಿಯಾಯಿತಿ ಉಂಟು, ಮನುಷ್ಯ ಸಾಲಿನಲ್ಲಿ ನಿಂತಿದ್ದಕ್ಕೆ ಇಲ್ಲ. ಅರ್ಜಿ ಸಾಲಿಗೆ ಸೇರಿದ ದಿನ, ಅಂದರೆ ಪ್ರಯಾರಿಟಿ ಡೇಟ್ ದಿನವೇ ಮಗುವಿನ ವಯಸ್ಸನ್ನ ಅಲ್ಲಿಗೆ ನಿಲ್ಲಿಸಿದರೆ ಈ ಸಮಸ್ಯೆ ಬಹುಪಾಲು ಕರಗುತ್ತೆ. ಅದಕ್ಕೆ ಹೊಸ ಗ್ರೀನ್ ಕಾರ್ಡ್ ಒಂದೂ ಬೇಕಿಲ್ಲ.

ಇನ್ನೊಂದು ಗುಂಡಿ ಇದೆ, ಇತ್ತೀಚಿನದು. ಸರದಿ ಎಲ್ಲಿಗೆ ಬಂದಿದೆ ಅಂತ ತಿಂಗಳಿಗೊಮ್ಮೆ ಹೇಳೋ ವೀಸಾ ಬುಲೆಟಿನ್‌ನಲ್ಲಿ ಎರಡು ಪಟ್ಟಿ: ಗ್ರೀನ್ ಕಾರ್ಡ್ ಕೊಡೋದಕ್ಕೆ ಫೈನಲ್ ಆಕ್ಷನ್, ಅರ್ಜಿ ಹಾಕೋದಕ್ಕೆ ಡೇಟ್ಸ್ ಫಾರ್ ಫೈಲಿಂಗ್. ಎರಡನೆಯದು ಸಾಮಾನ್ಯವಾಗಿ ಸ್ವಲ್ಪ ಮುಂದಿರುತ್ತೆ. 2023ರ ಫೆಬ್ರವರಿಯಿಂದ ವಲಸೆ ಅರ್ಜಿ ನೋಡೋ ಸರ್ಕಾರಿ ಸಂಸ್ಥೆ ಯುಎಸ್‌ಸಿಐಎಸ್, ಫೈಲಿಂಗ್ ಪಟ್ಟಿ ಬಳಸೋಕೆ ತಾನೇ ಅನುಮತಿ ಕೊಟ್ಟ ತಿಂಗಳುಗಳಲ್ಲಿ, ಆ ಪಟ್ಟಿಯ ಮೇಲೇ ಮಗುವಿನ ವಯಸ್ಸನ್ನ ಲೆಕ್ಕ ಹಾಕ್ತಿತ್ತು. 2025ರ ಆಗಸ್ಟ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಅದನ್ನ ವಾಪಸ್ ತಗೊಂಡು, ಫೈನಲ್ ಆಕ್ಷನ್ ಮಾತ್ರ ಅಂತ ಮಾಡಿದೆ. ಪರಿಣಾಮ ಏನು? ಮನೆಯವರೆಲ್ಲ ಒಟ್ಟಿಗೆ ಐ-485 ಹಾಕ್ತೀರಿ, ಬೆರಳಚ್ಚು ಕೊಡ್ತೀರಿ, ನಿರಾಳ ಅಂದ್ಕೊಳ್ತೀರಿ. ಮಗುವಿನ ವಯಸ್ಸು ಇನ್ನೂ ಓಡ್ತಾನೇ ಇರುತ್ತೆ. ಫೈನಲ್ ಆಕ್ಷನ್ ತಾರೀಖು ಬರೋ ಮೊದಲೇ ಸೂತ್ರದ ವಯಸ್ಸು 21 ದಾಟಿದರೆ ಆ ಒಂದು ಅರ್ಜಿ ಬಿದ್ದುಹೋಗುತ್ತೆ. 2025ರ ಅಕ್ಟೋಬರ್‌ನಲ್ಲಿ ಇಬಿ-2 ಭಾರತಕ್ಕೆ ಈ ಎರಡು ಪಟ್ಟಿಗಳ ನಡುವೆ ಎಂಟು ತಿಂಗಳ ಅಂತರ ಇತ್ತು.

ಇನ್ನು ಎಚ್-4, ಅಂದರೆ ಎಚ್-1ಬಿಯವರ ಗಂಡ, ಹೆಂಡತಿ, ಮಕ್ಕಳ ವೀಸಾ. ಸೂತ್ರದ ಪ್ರಕಾರ ವಯಸ್ಸು 20 ಬಂದರೂ ಎಚ್-4 ಉಳಿಯೋದಿಲ್ಲ, ಅಲ್ಲಿ ನಿಜವಾದ ವಯಸ್ಸೇ ಲೆಕ್ಕ. 21ನೇ ಹುಟ್ಟುಹಬ್ಬಕ್ಕೆ ಅದು ಮುಗೀತು. ಎಲ್ಲಿಯವರೆಗೆ ಇರಬಹುದು ಅಂತ ಹೇಳೋ ಐ-94 ದಾಖಲೆಯಲ್ಲಿ ಮುಂದಿನ ತಾರೀಖು ಇದ್ದರೂ ಅದನ್ನ ನಂಬಿ ಕೂರಬೇಡಿ. ಕಾಲೇಜಿನಿಂದ ಐ-20 ಪ್ರವೇಶಪತ್ರ ತಗೊಂಡು, ವಿದ್ಯಾರ್ಥಿಗಳ ಎಫ್-1ಗೆ ಬದಲಾಯಿಸೋ ಐ-539 ಅರ್ಜಿಯನ್ನ ಹುಟ್ಟುಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ಹಾಕಿರಬೇಕು. ಐದನೇ ವಯಸ್ಸಿನಿಂದ ಅಲ್ಲೇ ಬೆಳೆದ ಹುಡುಗಿ ಈಗ ‘ಓದು ಮುಗಿಸಿ ನನ್ನ ದೇಶಕ್ಕೆ ವಾಪಸ್ ಹೋಗ್ತೀನಿ’ ಅಂತ ತೋರಿಸಬೇಕು. ಯಾವ ದೇಶಕ್ಕೆ ಅಂತ ಅವಳನ್ನೇ ಕೇಳಿ.

ಎಫ್-1ಗೆ ಬಂದ ಮೇಲೆ ಐ-485 ಹಾಕಿದ ಮಕ್ಕಳು ಇನ್ನೊಂದು ಕಡೆ ಎಡವ್ತಾರೆ. ಬೆಂಗಳೂರಲ್ಲಿ ಅಕ್ಕನ ಮದುವೆ ಅಂತ ವಿಮಾನ ಹತ್ತಿದರೆ, ಕೈಯಲ್ಲಿ ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ಬರೋಕೆ ಮುಂಗಡ ಅನುಮತಿ) ಇಲ್ಲದಿದ್ದರೆ, ಐ-485 ಕೈಬಿಟ್ಟ ಹಾಗೇ ಲೆಕ್ಕ. ವೀಸಾ ಸರಿಯಾಗಿರೋ ಎಚ್-1ಬಿ, ಎಚ್-4ನವರಿಗೆ ಈ ತೊಂದರೆ ಇಲ್ಲ. ಹಾಗಾಗಿ ಅಪ್ಪ ಅಮ್ಮ ಆರಾಮಾಗಿ ಹೋಗಿ ಬಂದಿದ್ದನ್ನ ನೋಡಿ ಮಗನೂ ಹೊರಡ್ತಾನೆ.

ಕರಾವಳಿಯವರಿಗೆ ಒಂದು ಮಾತು. ಈ ದೇಶವಾರು ಮಿತಿ ನೋಡೋದು ಪಾಸ್‌ಪೋರ್ಟನ್ನಲ್ಲ, ಹುಟ್ಟಿದ ಜಾಗವನ್ನ. ಗಂಡ ಉಡುಪಿಯಲ್ಲಿ ಹುಟ್ಟಿ, ಹೆಂಡತಿ ಕುವೈತಲ್ಲೋ ದುಬೈಯಲ್ಲೋ ಹುಟ್ಟಿದ್ದರೆ, ಇಡೀ ಕುಟುಂಬವನ್ನ ಆಕೆ ಹುಟ್ಟಿದ ದೇಶದ ಲೆಕ್ಕಕ್ಕೆ ಹಾಕಿಸಬಹುದು. ಅಲ್ಲಿ ಭಾರತದಂಥ ಸಾಲಿಲ್ಲ. ಬೇಕಾಗಿರೋದು ಆಕೆಯ ಜನನ ಪ್ರಮಾಣಪತ್ರ. ಆದರೆ ಮಗು ದುಬೈಯಲ್ಲಿ ಹುಟ್ಟಿದ್ದರೆ ಅದು ಅಪ್ಪ ಅಮ್ಮನಿಗೆ ಉಪಯೋಗಕ್ಕೆ ಬರೋದಿಲ್ಲ.

ಚಿಕ್ಕವರಿದ್ದಾಗ ಅಮೆರಿಕಕ್ಕೆ ಬಂದು ಕಾಗದಪತ್ರ ಇಲ್ಲದೆ ಉಳಿದವರನ್ನ ಗಡೀಪಾರಿನಿಂದ ಕಾಯೋ 2012ರ ಡಾಕಾ ಯೋಜನೆಗೂ ಈ ಮಕ್ಕಳು ಸೇರಲಿಲ್ಲ. ಆ ವರ್ಷದ ಜೂನ್ 15ರಂದು ಕಾನೂನುಬದ್ಧ ಸ್ಥಾನಮಾನ ಇರಬಾರದು ಅನ್ನೋದೇ ಅದರ ಷರತ್ತು. ಇವರ ಹತ್ತಿರ ಎಲ್ಲ ಕಾಗದವೂ ಸರಿ ಇತ್ತು. ಇವರಿಗಾಗಿಯೇ ಬರೆದ ಅಮೆರಿಕಾಸ್ ಚಿಲ್ಡ್ರನ್ ಆಕ್ಟ್ ಮಸೂದೆ 2021ರಲ್ಲಿ ಮಂಡನೆಯಾಯ್ತು, 2023ರಲ್ಲಿ ಮತ್ತೆ. ಎರಡೂ ಪಕ್ಷದವರು ಸಹಿ ಹಾಕಿದ್ದರು. ಎರಡು ಸಲವೂ ಮತದಾನದವರೆಗೆ ಬರಲಿಲ್ಲ. 2021ರಲ್ಲಿ 17 ವರ್ಷ ಇದ್ದ ಮಗುವಿಗೆ 2025ಕ್ಕೇ 21 ಆಯ್ತು.