ಮೊಬೈಲಿನ ಸ್ಪ್ಯಾನಿಷ್‌ಗೆ ಕನ್ನಡದ ದಾರಿ

ಎಲ್ಲರಿಗೂ ನಮಸ್ಕಾರ.

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಮೊಬೈಲಿನ ಭಾಷೆಯನ್ನು ಸ್ಪ್ಯಾನಿಷ್‌ಗೆ ಬದಲಾಯಿಸಿ. ಅಲ್ಲಿ ಕಾಣುವ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸದೆ ನೇರವಾಗಿ ಕನ್ನಡದ ಪಕ್ಕ ಇಟ್ಟು ನೋಡಿ. ನಮಗೆ ಸಿಗುವ ಪುಸ್ತಕ, ಆ್ಯಪ್‌ಗಳೆಲ್ಲ ಬಹುಪಾಲು ಇಂಗ್ಲಿಷ್ ಮೂಲಕ ಕಲಿಸುವಂಥವು. ಹಾಗಾಗಿ ಇಂಗ್ಲಿಷ್ ಮಾತಾಡುವವರಿಗೆ ಕಷ್ಟವಾದದ್ದನ್ನು ನಾವೂ ಕಷ್ಟವೆಂದು ನಂಬಿಬಿಡುತ್ತೇವೆ.

ಫೇಸ್‌ಬುಕ್ಕಿನ ಲೈಕ್ ಗುಂಡಿಯನ್ನೇ ತೆಗೆದುಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ಅದು ‘ಮೆ ಗುಸ್ತಾ’. ‘ಮೆ’ ಅಂದರೆ ಇಲ್ಲಿ ‘ನಾನು’ ಅಲ್ಲ, ‘ನನಗೆ’. ಒಂದು ಫೋಟೋ ಆದರೆ ‘ಮೆ ಗುಸ್ತಾ ಲಾ ಫೋತೊ’, ಹಲವು ಫೋಟೋ ಆದರೆ ‘ಮೆ ಗುಸ್ತಾನ್ ಲಾಸ್ ಫೋತೊಸ್’. ಕ್ರಿಯಾಪದ ಬದಲಾಗಿದ್ದು ಫೋಟೋಗಳನ್ನು ನೋಡಿ, ನನ್ನನ್ನು ನೋಡಿ ಅಲ್ಲ. ಈಗ ಕನ್ನಡದಲ್ಲಿ ಹೇಳಿ: ನನಗೆ ಫೋಟೋ ಹಿಡಿಸಿತು, ನನಗೆ ಫೋಟೋಗಳು ಹಿಡಿಸಿದವು. ಚತುರ್ಥಿ ವಿಭಕ್ತಿ ಗೊತ್ತಿರುವವರಿಗೆ ಇದರಲ್ಲಿ ಹೊಸದಾಗಿ ಅರ್ಥಮಾಡಿಕೊಳ್ಳಬೇಕಾದದ್ದು ಏನೂ ಇಲ್ಲ. ಅಭ್ಯಾಸ ಮಾಡಬೇಕು, ಅಷ್ಟೇ.

ಇದೇ ಜಾಡಿನಲ್ಲಿ ಇನ್ನೊಂದು. ಲಾಗಿನ್ ಪುಟ ನಿಮ್ಮನ್ನು ನೇರವಾಗಿ ಕೇಳುತ್ತದೆ: ‘ಓಲ್ಬಿದಾಸ್ತೆ ತು ಕೊಂತ್ರಾಸೆನ್ಯ?’ ನಿನ್ನ ಪಾಸ್‌ವರ್ಡ್ ಮರೆತೆಯಾ? ಆದರೆ ಮರೆತವರು ಸ್ನೇಹಿತರ ಹತ್ತಿರ ಹೇಳುವಾಗ ಹೆಚ್ಚಾಗಿ ‘ಸೆ ಮೆ ಓಲ್ಬಿದೊ ಲಾ ಕೊಂತ್ರಾಸೆನ್ಯ’ ಅನ್ನುತ್ತಾರೆ. ನನಗೆ ಪಾಸ್‌ವರ್ಡ್ ಮರೆತುಹೋಯಿತು. ಮೊಬೈಲ್ ಕೈಜಾರಿದರೆ ‘ಸೆ ಮೆ ಕಾಯೊ ಎಲ್ ಮೊಬಿಲ್’, ಬ್ಯಾಟರಿ ಮುಗಿದರೆ ‘ಸೆ ಮೆ ಅಕಾಬೊ ಲಾ ಬತೆರೀಯ’. ಬಿದ್ದದ್ದು ಮೊಬೈಲು, ಮುಗಿದದ್ದು ಬ್ಯಾಟರಿ, ಅದರ ಫಲ ತಟ್ಟಿದ್ದು ಮಾತ್ರ ನನಗೆ. ನಾನು ಬೇಕೆಂದು ಮಾಡಿದ್ದಲ್ಲ ಎಂಬುದನ್ನು ‘ಬಿದ್ದುಹೋಯಿತು’, ‘ಮರೆತುಹೋಯಿತು’ ಎಂದು ನಾವು ದಿನವೂ ಹೇಳುತ್ತೇವಲ್ಲ, ಸ್ಪ್ಯಾನಿಷ್‌ನ ‘ಸೆ ಮೆ’ ಮಾಡುವ ಕೆಲಸ ಅದೇ.

ಈ ಲಾಗಿನ್ ಪುಟದಲ್ಲೇ ಮರ್ಯಾದೆಯ ಪಾಠವೂ ಇದೆ. ಸಲಿಗೆಯ ಆ್ಯಪ್ ‘ತು ಕೊಂತ್ರಾಸೆನ್ಯ’ ಅಂದರೆ, ಔಪಚಾರಿಕ ಜಾಲತಾಣ ‘ಆ ಓಲ್ಬಿದಾದೊ ಸು ಕೊಂತ್ರಾಸೆನ್ಯ?’ ಎಂದು ಕೇಳುತ್ತದೆ. ನಿನ್ನ, ನಿಮ್ಮ. ನೀನು-ನೀವು ಭೇದ ನಮಗೆ ಹುಟ್ಟಿನಿಂದಲೇ ಬಂದದ್ದು. ಇನ್ನು ‘ಓಲ್ಬಿದಾಸ್ತೆ’ಯಲ್ಲಿ ‘ನೀನು’ ಎಂಬ ಸರ್ವನಾಮವೇ ಇಲ್ಲ. ‘ಮರೆತೆಯಾ’ ಎನ್ನುವಾಗ ನಮಗೂ ಅದು ಬೇಕಿಲ್ಲ.

ಕಲಿಯುವವರೆಲ್ಲ ಹೆದರುವುದು ‘ಇರು’ ಎಂಬ ಅರ್ಥದ ಎರಡು ಕ್ರಿಯಾಪದಗಳಾದ ‘ಸೆರ್’ (ವಾಕ್ಯದಲ್ಲಿ ‘ಎಸ್’) ಮತ್ತು ‘ಎಸ್ತಾರ್’ (ವಾಕ್ಯದಲ್ಲಿ ‘ಎಸ್ತಾ’) ಜೋಡಿಗೆ. ‘ಎಲ್ ಮೊಬಿಲ್ ಎಸ್ ನುಎಬೊ’, ಮೊಬೈಲ್ ಹೊಸದು. ‘ಎಲ್ ಮೊಬಿಲ್ ಎಸ್ತಾ ಅಪಗಾದೊ’, ಮೊಬೈಲ್ ಆಫ್ ಆಗಿದೆ. ‘ಎಸ್ತಾ ಎನ್ ಲಾ ಮೆಸಾ’, ಮೇಜಿನ ಮೇಲಿದೆ. ಗಮನಿಸಿ: ‘ಹೊಸದು’ ಎಂಬಲ್ಲಿ ನಮಗೆ ಕ್ರಿಯಾಪದವೇ ಬೇಡ, ಅಲ್ಲಿ ‘ಸೆರ್’. ‘ಇದೆ’ ಬರುವ ಕಡೆ ‘ಎಸ್ತಾರ್’. ವಾಟ್ಸ್‌ಆ್ಯಪ್‌ನಲ್ಲಿ ಎದುರಿನವರು ಟೈಪ್ ಮಾಡುತ್ತಿರುವಾಗ ‘ಎಸ್ಕ್ರಿಬಿಎಂದೊ’ ಎಂದು ಕಾಣುತ್ತದೆ. ಪೂರ್ತಿ ಹೇಳಿದರೆ ‘ಎಸ್ತಾ ಎಸ್ಕ್ರಿಬಿಎಂದೊ’, ಬರೆಯುತ್ತಾ ಇದ್ದಾರೆ. ಅಲ್ಲೂ ‘ಇರು’, ಇಲ್ಲೂ ‘ಇರು’. ಇದು ಎಲ್ಲ ಕಡೆಯೂ ನಡೆಯುವ ಸೂತ್ರವಲ್ಲ. ‘ಫೋಟೋ ಚೆನ್ನಾಗಿದೆ’ ಎಂಬುದಕ್ಕೆ ಸಾಮಾನ್ಯವಾಗಿ ‘ಲಾ ಫೋತೊ ಎಸ್ ಬೊನೀತ’, ‘ಸೆರ್’ ಬೇಕು. ಆದರೂ ಮೊದಲ ಹೆಜ್ಜೆಗೆ ಇಷ್ಟು ಆಸರೆ ಇಂಗ್ಲಿಷ್‌ನಿಂದ ಸಿಗದು, ಅಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ.

ಹೊಸ ಕ್ರಿಯಾಪದಗಳ ವಿಷಯ ಬೇಗ ಮುಗಿಸುತ್ತೇನೆ. ನಾವು ‘ಟೈಪಿಸು’ ಎಂದು ‘ಇಸು’ ಹಚ್ಚುವಂತೆ ಅವರು ‘ಆರ್’ ಹಚ್ಚುತ್ತಾರೆ: ಚತೆಆರ್ (ಚಾಟ್ ಮಾಡು), ಎಸ್ಕನೆಆರ್ (ಸ್ಕ್ಯಾನ್ ಮಾಡು), ತುಯಿತೆಆರ್ (ಟ್ವೀಟ್ ಮಾಡು). ಕೊನೆಯದು 2014ರಲ್ಲಿ ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟನ್ನೂ ಸೇರಿತು. ‘ಆರ್’ ಗುಂಪಿನ ರೂಪಗಳನ್ನು ಚೆನ್ನಾಗಿ ಕಲಿತರೆ ನಾಳೆ ಹುಟ್ಟುವ ತಂತ್ರಜ್ಞಾನದ ಕ್ರಿಯಾಪದವೂ ಬಹುತೇಕ ನಿಮ್ಮ ಕೈಯಲ್ಲೇ ಇರುತ್ತದೆ.

ಕನ್ನಡ ಕೈಬಿಡುವ ಜಾಗಗಳೂ ಇವೆ. ನಮಗೆ ಮೈಕೂ ಕ್ಯಾಮೆರಾವೂ ‘ಅದು’. ಅವರಿಗೆ ಮೈಕ್ ಪುಲ್ಲಿಂಗ, ಕ್ಯಾಮೆರಾ ಸ್ತ್ರೀಲಿಂಗ: ‘ಎಲ್ ಮಿಕ್ರೋಫೊನೊ ಎಸ್ತಾ ಅಪಗಾದೊ’, ‘ಲಾ ಕಾಮರ ಎಸ್ತಾ ಅಪಗಾದ’. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಇವೆರಡನ್ನೂ ಬಾಯಿಬಿಟ್ಟು ಹೇಳಿಕೊಳ್ಳಿ. ಲಿಂಗವನ್ನು ಪಟ್ಟಿ ಮಾಡಿ ಉರುಹೊಡೆಯುವುದಕ್ಕಿಂತ ಅದು ಮೇಲು.

ಇನ್ನೊಂದು ‘ಸುಬ್ಹುಂತಿಬೊ’, ಅಂದರೆ ಇನ್ನೂ ನಡೆಯದ್ದನ್ನು ಹೇಳುವಂಥ ಕಡೆ ಕ್ರಿಯಾಪದ ತಾಳುವ ಬೇರೆ ರೂಪ. ‘ತಲುಪಿದ ಮೇಲೆ ಮೆಸೇಜ್ ಹಾಕು’ ಅನ್ನಲು ಅವರು ‘ಕ್ವಾಂದೊ ಯೇಗೆಸ್, ಮಾಂದಮೆ ಉನ್ ಮೆನ್ಸಾಹೆ’ ಎನ್ನುತ್ತಾರೆ. ಇನ್ನೂ ನಡೆಯದ ತಲುಪುವಿಕೆಗೆ, ದಿನವೂ ಆಗುವುದಕ್ಕೆ ಬಳಸುವ ‘ಯೇಗಾಸ್’ ಹೋಗಿ ‘ಯೇಗೆಸ್’ ಬಂದಿದೆ. ಗುಂಡಿಗಳ ಮೇಲಿನ ಚಿಕ್ಕ ಪದಗಳಲ್ಲಿ ಇಂಥದ್ದು ಸಿಗುವುದು ಅಪರೂಪ. ಜನ ಒಬ್ಬರಿಗೊಬ್ಬರು ಬರೆಯುವ ಮೆಸೇಜುಗಳಲ್ಲಿ ಹೇರಳ. ಅದಕ್ಕೇ ಮೆನು ಓದುವುದು ರೂಢಿಯಾದ ಮೇಲೆ ಸ್ಪ್ಯಾನಿಷ್ ಮಾತಾಡುವ ಒಬ್ಬರ ಜೊತೆ ಚಾಟ್ ಶುರು ಮಾಡಿ. ಅವರು ‘ಕ್ವಾಂದೊ’ ಎಂದು ಆರಂಭಿಸಿದ ವಾಕ್ಯಗಳನ್ನು ಬೇರೆಯಾಗಿ ಬರೆದಿಟ್ಟುಕೊಂಡು, ಮುಂದಾಗಲಿರುವ ಮಾತು ಯಾವುದರಲ್ಲಿದೆ, ದಿನವೂ ಆಗುವ ಮಾತು ಯಾವುದರಲ್ಲಿದೆ ಎಂದು ಕ್ರಿಯಾಪದದ ಕೊನೆ ನೋಡಿ ಬೇರ್ಪಡಿಸಿ.