ಬಾಲಾ ದೇವಿಗೆ ಮ್ಯಾಚ್‌ಗಳು ತಡವಾಗಿ ಸಿಕ್ಕವು

ನಮಸ್ಕಾರ. ಕಳೆದ ತಿಂಗಳು ಒಂದು ಸಂಜೆ ತಂಗಿಯ ಮಗಳನ್ನು ಟರ್ಫ್‌ನಿಂದ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಅವಳಿಗೆ 14 ವರ್ಷ. ವಾರಕ್ಕೊಮ್ಮೆ ಅಕ್ಕಪಕ್ಕದ ಮನೆಯ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾಳೆ. ಸ್ಕೂಟರ್ ಹಿಂದೆ ಕೂತವಳು ಕೇಳಿದಳು, "ಮಾಮ, ಹುಡುಗಿಯರ ಮ್ಯಾಚ್ ಇನ್ನು ಯಾವಾಗ ಉಂಟು?" ಮಂಗಳೂರಿನ ಪಂಪ್‌ವೆಲ್ ದಾಟುವವರೆಗೂ ನನ್ನ ಬಾಯಿಂದ ಉತ್ತರ ಬರಲಿಲ್ಲ. ಅವಳ ಶಾಲೆಯಲ್ಲಿ ವಿಚಾರಿಸಿದ್ದೆ. ಥ್ರೋಬಾಲ್ ಉಂಟು, ಕಬಡ್ಡಿ ಉಂಟು. ಫುಟ್‌ಬಾಲಿಗೆ ಹುಡುಗಿಯರು ಸಾಕಾಗುವುದಿಲ್ಲ ಅಂದರು.

ಅವತ್ತು ರಾತ್ರಿ ನನಗೆ ನೆನಪಾದದ್ದು ಬಾಲಾ ದೇವಿ.

ಮಣಿಪುರದ ಬಿಷ್ಣುಪುರ ಜಿಲ್ಲೆಯವರು. ಹುಟ್ಟಿದ್ದು 1990ರಲ್ಲಿ. ಭಾರತದ ಮಹಿಳಾ ಫುಟ್‌ಬಾಲ್ ತಂಡ ಕಂಡ ಅತಿ ದೊಡ್ಡ ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಆಟಗಾರ್ತಿ, ಇವರೇ ಅಂತ ನಾನು ಹೇಳುತ್ತೇನೆ. ಬೇರೆ ಹೆಸರು ಹೇಳುವವರು ಇದ್ದಾರೆ, ಇರಲಿ. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಪಾಕಿಸ್ತಾನದ ವಿರುದ್ಧ ಗೋಲು ಹೊಡೆದು, ದೇಶಕ್ಕಾಗಿ 50 ಗೋಲು ಮುಟ್ಟಿದ ಮೊದಲ ಭಾರತೀಯ ಮಹಿಳೆಯಾದರು. ಆಗ ಅವರಿಗೆ 34 ವರ್ಷ.

ಎಲ್ಲರೂ ಈ 50ನ್ನು ಎಣಿಸುತ್ತಾರೆ. ನನ್ನ ತಲೆಯಲ್ಲಿ ಓಡುವುದು ಬೇರೆ ಲೆಕ್ಕ. ಅವರಿಗೆ ಸಿಗದೇ ಹೋದ ಮ್ಯಾಚ್‌ಗಳೆಷ್ಟು?

2009ಕ್ಕೆ ಹೋಗೋಣ. ಬಾಲಾ ದೇವಿಗೆ 19 ವರ್ಷ. ಹದಿಹರೆಯದಲ್ಲೇ ಭಾರತದ ಜೆರ್ಸಿ ಹಾಕಿದ ಹುಡುಗಿ. ಆ ವರ್ಷ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ತನ್ನ ರ‍್ಯಾಂಕಿಂಗ್ ಪಟ್ಟಿಯಿಂದ ಭಾರತದ ಮಹಿಳಾ ತಂಡವನ್ನೇ ತೆಗೆದುಹಾಕಿತು. ಸೋತದ್ದಕ್ಕಲ್ಲ. ಒಂದೂವರೆ ವರ್ಷಕ್ಕಿಂತ ಜಾಸ್ತಿ ಕಾಲ ತಂಡ ಒಂದು ಅಂತಾರಾಷ್ಟ್ರೀಯ ಪಂದ್ಯವನ್ನೂ ಆಡಿರಲಿಲ್ಲ, ಅದಕ್ಕೆ. 19 ಅಂದರೆ ಕಾಲಲ್ಲಿ ಓಟ ತುಂಬಿರುವ ವಯಸ್ಸು. ಆ ವಯಸ್ಸಿನಲ್ಲಿ ಅವರ ತಂಡದ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ.

ಇದು ಫಾರ್ವರ್ಡ್‌ಗೆ ಯಾಕೆ ಜಾಸ್ತಿ ಪೆಟ್ಟು ಅಂತ ಹೇಳುತ್ತೇನೆ. ಓಟಗಾರ್ತಿ ಒಬ್ಬಳೇ ಮಂಗಳಾ ಸ್ಟೇಡಿಯಂನಲ್ಲಿ ಬೆಳಿಗ್ಗೆ ಐದೂವರೆಗೆ ಓಡಬಹುದು, ಗಡಿಯಾರ ಇದ್ದರೆ ಸಾಕು. ಗೋಲು ಹೊಡೆಯುವವಳಿಗೆ ಹಾಗಾಗುವುದಿಲ್ಲ. ಖಾಲಿ ಗೋಲಿಗೆ ದಿನಕ್ಕೆ ನೂರು ಸಲ ಚೆಂಡು ಹೊಡೆದರೆ ಕಾಲು ಗಟ್ಟಿಯಾಗುತ್ತದೆ, ಅಷ್ಟೆ. ಡಿಫೆಂಡರ್ ಅರೆಕ್ಷಣ ಆಚೆ ನೋಡಿದಾಗ ಅವಳ ಬೆನ್ನ ಹಿಂದಿನಿಂದ ನುಗ್ಗುವುದು, ಆಫ್‌ಸೈಡ್ ಆಗದ ಹಾಗೆ ಒಂದು ಹೆಜ್ಜೆ ತಡೆದು ನಿಲ್ಲುವುದು, ಪಾಸ್ ಕೊಡುವವಳ ಕಣ್ಣು ನೋಡಿಯೇ ಚೆಂಡು ಎಲ್ಲಿ ಬೀಳುತ್ತದೆ ಅಂತ ತಿಳಿಯುವುದು, ಇದೆಲ್ಲ ಎದುರಾಳಿ ಇದ್ದರೆ ಮಾತ್ರ ಬರುವ ವಿದ್ಯೆ. ಅದೂ ಗೆಲ್ಲಲೇಬೇಕು ಅಂತ ಆಡುವ ಎದುರಾಳಿ. ಮ್ಯಾಚ್ ಇಲ್ಲದಿದ್ದರೆ ಫಾರ್ವರ್ಡ್ ತಯಾರಾಗುವುದೇ ಇಲ್ಲ.

2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ನೋಡಿ. ಮೊದಲ ಪಂದ್ಯದಲ್ಲಿ ಮಾಲ್ಡೀವ್ಸ್ ವಿರುದ್ಧ ಭಾರತ 15–0. ಬಾಲಾ ದೇವಿ ಒಬ್ಬರದೇ ಐದು ಗೋಲು. ಆಮೇಲೆ ದಕ್ಷಿಣ ಕೊರಿಯಾ ವಿರುದ್ಧ 0–10, ಥಾಯ್ಲೆಂಡ್ ವಿರುದ್ಧವೂ 0–10. ಅದೇ ಆಟಗಾರ್ತಿ, ಅದೇ ಕಾಲು. ಮಾಲ್ಡೀವ್ಸ್‌ಗೂ ಕೊರಿಯಾಕ್ಕೂ ನಡುವೆ ಹತ್ತು ಮೆಟ್ಟಿಲು ಉಂಟು ಅಂತಿಟ್ಟುಕೊಳ್ಳಿ. ಆ ನಡುವಿನ ಮೆಟ್ಟಿಲಿನ ತಂಡಗಳ ಜೊತೆ ವರ್ಷವಿಡೀ ಆಡಿ ಮೇಲೆ ಹತ್ತಬೇಕು. ನಮ್ಮವರಿಗೆ ಆ ಮೆಟ್ಟಿಲುಗಳೇ ಸಿಕ್ಕಿರಲಿಲ್ಲ.

ಅದೇ ಇಂಚಿಯಾನ್‌ನಲ್ಲಿ ಚಿನ್ನ ಗೆದ್ದ ಮಹಿಳಾ ಕಬಡ್ಡಿ ತಂಡದಲ್ಲಿ ನಮ್ಮ ಕಾರ್ಕಳ ಕಡೆಯ ಮಮತಾ ಪೂಜಾರಿ ಇದ್ದರು. ಅವರ ಶ್ರಮ ಅವರದ್ದೇ, ಅದನ್ನು ಯಾರೂ ಕಡಿಮೆ ಮಾಡಲಾಗದು. ಆದರೆ ಒಂದು ಮಾತು. ನಮ್ಮೂರಲ್ಲಿ ಕಬಡ್ಡಿ ಅಂಕಣ ಇಲ್ಲದ ಊರು ಯಾವುದು ಮಾರಾಯ್ರೇ? ಶಾಲೆಯಲ್ಲಿ, ಯುವಕ ಮಂಡಲದಲ್ಲಿ, ಗದ್ದೆ ಕೊಯ್ದ ಮೇಲೆ ಲೈಟ್ ಕಟ್ಟಿ ರಾತ್ರಿಯಿಡೀ ಮ್ಯಾಚ್. ಫುಟ್‌ಬಾಲಿಗೆ ಅದನ್ನೇ ಮಾಡಿದ್ದು ಮಣಿಪುರ. ಅಲ್ಲಿನ ಹುಡುಗಿಯರಿಗೆ ಕ್ಲಬ್ ಉಂಟು, ಆಡಿದರೆ ಪೊಲೀಸ್ ಇಲಾಖೆಯಲ್ಲಿ ಕೆಲಸವೂ ಸಿಗುತ್ತದೆ. ಬಾಲಾ ದೇವಿಯೂ ಮಣಿಪುರ ಪೊಲೀಸ್‌ನವರೇ. ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ಅನ್ನು ಆ ಸಣ್ಣ ರಾಜ್ಯ 20ಕ್ಕೂ ಹೆಚ್ಚು ಸಲ ಗೆದ್ದಿದೆ. ಸುಮ್ನೆ ಬಂದದ್ದಲ್ಲ ಅದು.

ದೇಶಕ್ಕೊಂದು ಮಹಿಳಾ ಲೀಗ್ ಅಂತ ಶುರುವಾದದ್ದು 2016–17ರಲ್ಲಿ. ಬಾಲಾ ದೇವಿಗೆ ಆಗಲೇ 26 ದಾಟಿತ್ತು. 2019ರಲ್ಲಿ ಅದೇ ಲೀಗಿನಲ್ಲಿ ಅವರು ಹೊಡೆದದ್ದು 26 ಗೋಲು! ಆ ವರ್ಷದ ಕೊನೆಗೆ ಸ್ಕಾಟ್ಲೆಂಡ್‌ನ ರೇಂಜರ್ಸ್ ಕ್ಲಬ್ ಅವರನ್ನು ಟ್ರಯಲ್‌ಗೆ ಕರೆಯಿತು. ರೇಂಜರ್ಸ್ ಜೊತೆ ಬೆಂಗಳೂರು ಎಫ್‌ಸಿ ಆಗಷ್ಟೇ ಒಪ್ಪಂದ ಮಾಡಿಕೊಂಡಿತ್ತು, ಬಾಗಿಲು ತೆರೆದದ್ದು ಆ ದಾರಿಯಲ್ಲಿ. 2020ರ ಜನವರಿ 29ಕ್ಕೆ ಸಹಿ. ವಿದೇಶಿ ಕ್ಲಬ್ ಜೊತೆ ವೃತ್ತಿಪರ ಒಪ್ಪಂದ ಮಾಡಿಕೊಂಡ ಮೊದಲ ಭಾರತೀಯ ಮಹಿಳೆ. ಜೆರ್ಸಿ ನಂಬರ್ 10. ನಾಲ್ಕೇ ದಿನ ಬಿಟ್ಟರೆ ಅವರಿಗೆ 30 ತುಂಬುತ್ತಿತ್ತು.

ಅಲ್ಲಿಗೆ ಹೋಗಿ ಒಂದೆರಡು ತಿಂಗಳಲ್ಲೇ ಕೋವಿಡ್. ಲೀಗ್ ನಿಂತಿತು. ಡಿಸೆಂಬರ್‌ನಲ್ಲಿ ಮದರ್‌ವೆಲ್ ವಿರುದ್ಧ ಬದಲಿ ಆಟಗಾರ್ತಿಯಾಗಿ ಇಳಿದು ಮೊದಲ ಗೋಲು ಹೊಡೆದರು. ಮುಂದಿನ ವರ್ಷ ಮೊಣಕಾಲಿನ ಲಿಗಮೆಂಟ್‌ಗೆ ಪೆಟ್ಟು, ಆಪರೇಷನ್. 31ರಲ್ಲಿ ಆ ಪೆಟ್ಟು ಬಿದ್ದವರು ಆಟ ಬಿಟ್ಟರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಬಿಡಲಿಲ್ಲ. ಮತ್ತೆ ಬಂದು ಕಠ್ಮಂಡುವಿನ ಆ ಗೋಲು ಹೊಡೆದರು. ನನಗೆ ಅವರ ಮೇಲಿರುವ ಗೌರವದ ಅರ್ಧ ಆ ಮೂರು ವರ್ಷಕ್ಕೆ.

ಈಗ ಮನೀಷಾ ಕಲ್ಯಾಣ್ ಅವರನ್ನು ನೋಡಿ. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯವರು, ಹುಟ್ಟಿದ್ದು 2001ರಲ್ಲಿ. ಅವರು ಹೈಸ್ಕೂಲ್ ವಯಸ್ಸಿನಲ್ಲಿರುವಾಗ ಲೀಗ್ ಬಂದಿತ್ತು. 2021ರಲ್ಲಿ ಮನೌಸ್‌ನಲ್ಲಿ ಬ್ರೆಜಿಲ್ ವಿರುದ್ಧ ಭಾರತ 1–6ರಿಂದ ಸೋತಾಗ ಆ ಒಂದು ಗೋಲು ಅವರದ್ದು. ಮರುವರ್ಷ ಸೈಪ್ರಸ್‌ನ ಅಪೊಲೊನ್ ಪರವಾಗಿ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದರು. ಅಷ್ಟರಲ್ಲಿ ವಯಸ್ಸು 20. ವಿದೇಶಿ ಕ್ಲಬ್ ಸೇರುವಾಗ ಒಬ್ಬರಿಗೆ 29, ಇನ್ನೊಬ್ಬರಿಗೆ 20. ಪ್ರತಿಭೆಯಲ್ಲಿ ಒಂಬತ್ತು ವರ್ಷದ ವ್ಯತ್ಯಾಸ ಇರುತ್ತದಾ? ಇಲ್ಲ ಅಲ್ವಾ? ನಡುವೆ ಬಂದದ್ದು ಲೀಗ್. ಮನೀಷಾ ಅದಕ್ಕೂ ಮೊದಲು ಆಡುತ್ತಿದ್ದ ಗೋಕುಲಂ ತಂಡ ಕೋಝಿಕ್ಕೋಡಿನದು, ಮಂಗಳೂರು ಸೆಂಟ್ರಲ್‌ನಿಂದ ಒಂದೇ ರೈಲು. ಆ ತಂಡ ಸತತ ಮೂರು ಸಲ ಲೀಗ್ ಗೆದ್ದಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ 2023ರಲ್ಲಿ ಫೈನಲ್ ಆಡಿತು. ನಾವು ಈ ಎರಡು ಊರಿನ ನಡುವೆ ಕೂತಿದ್ದೇವೆ.

2025ರ ಜುಲೈನಲ್ಲಿ ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಭಾರತ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಇಂಚಿಯಾನ್‌ನಲ್ಲಿ ನಮಗೆ ಹತ್ತು ಗೋಲು ಹೊಡೆದ ಅದೇ ಥಾಯ್ಲೆಂಡ್. ಆ ಸುದ್ದಿ ಓದುವಾಗ ನನ್ನ ಕಣ್ಣು ಒದ್ದೆಯಾಯಿತು.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಎರಡು ದಿನದ ಟೂರ್ನಿ, ಟ್ರೋಫಿ, ಅತಿಥಿಗಳಿಗೆ ಶಾಲು, ಅದು ಬೇಡ. ದಕ್ಷಿಣ ಕನ್ನಡ, ಉಡುಪಿ ಸೇರಿ ಎಂಟು ತಂಡ. ಹನ್ನೊಂದು ಹುಡುಗಿಯರು ಆಗುವುದಿಲ್ಲ ಅಂದರೆ ಏಳೇ ಸಾಕು. ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿದರೆ ಒಬ್ಬೊಬ್ಬಳಿಗೆ 14 ಮ್ಯಾಚ್. ಮಳೆ ಬಿಟ್ಟ ಮೇಲೆ ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಒಂದು ವಾರ ನೆಹರೂ ಮೈದಾನ, ಇನ್ನೊಂದು ವಾರ ಉಡುಪಿಯ ಅಜ್ಜರಕಾಡು. ಗೋಲ್‌ಪೋಸ್ಟ್, ಚೆಂಡು, ಸೀಟಿ ಊದಲು ಒಬ್ಬರು. ರೆಫರಿಯಾಗಿ ನಿಲ್ಲಲು ನನ್ನ ಇಬ್ಬರು ಗೆಳೆಯರು ಒಪ್ಪಿದ್ದಾರೆ. ಏಳು ಹುಡುಗಿಯರನ್ನು ಸೇರಿಸಬಲ್ಲ ಪಿಇಟಿ ಮೇಷ್ಟ್ರು, ಟೀಚರ್, ಅಪ್ಪ, ಅಮ್ಮ ಯಾರಾದರೂ ಇದನ್ನು ಕೇಳುತ್ತಿದ್ದರೆ ನನಗೆ ತಿಳಿಸಿ. ಒಂದು ತಂಡ ಆಗಲೇ ಶುರುವಾಗಿದೆ. ಅದರಲ್ಲಿ ಸದ್ಯಕ್ಕೆ ನಾಲ್ಕು ಜನ ಇದ್ದಾರೆ.