ನೆರಳು ಮರದ ಕಾಂಡ ಕೆರೆಯಬೇಡಿ

ನಮಸ್ಕಾರ. ಕೊಡಗಿನ ಕಾಫಿ ತೋಟಗಳಲ್ಲಿ ನನಗೆ ತುಂಬಾ ಬೇಸರ ತರಿಸುವ ಒಂದು ಕೆಲಸವಿದೆ. ಕಾಫಿಗೆ ನೆರಳು ಕೊಡುವ ಹಲಸು, ಅತ್ತಿ, ನಂದಿ ಮರದ ಕಾಂಡದ ಮೇಲೆ ಬೂದು ಬಿಳಿ ಕಲೆ ಕಂಡರೆ ಸಾಕು, ‘ಮರಕ್ಕೆ ರೋಗ ಬಂದಿದೆ’ ಎಂದು ಕೆಲವರು ಕೆರೆಸಿಬಿಡುತ್ತಾರೆ.

ಅದು ರೋಗವಲ್ಲ, ಲೈಕೆನ್. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ. ಪಾಚಿ ಬೆಳಕಿನಿಂದ ಆಹಾರ ಮಾಡುತ್ತದೆ, ಶಿಲೀಂಧ್ರ ಅದಕ್ಕೆ ಆಸರೆ ಕೊಡುತ್ತದೆ. ಮರದ ರಸ ಹೀರುವುದಿಲ್ಲ. ತೊಗಟೆ ಅದಕ್ಕೆ ಬರೀ ನಿಲ್ಲುವ ಜಾಗ.

ಒಂದು ಸಣ್ಣ ಲೆನ್ಸ್ ಹಿಡಿದು ಹತ್ತಿರ ಹೋಗಿ ನೋಡಿ. ಕೆಲವು ಕಲೆಗಳ ತುಂಬಾ ಕಪ್ಪು ಗೆರೆಗಳಿರುತ್ತವೆ. ಒಂದು ನೇರ, ಒಂದು ಡೊಂಕು, ಇನ್ನೊಂದು ಕವಲೊಡೆದದ್ದು. ಮಗು ಸ್ಲೇಟಿನ ಮೇಲೆ ಗೀಚಿದ ಹಾಗೆ! ಗೆರೆಯ ನಡುವೆ ಸೀಳು ಇರುತ್ತದೆ. ಶಿಲೀಂಧ್ರದ ಬೀಜಕಣಗಳು ಹೊರಬರುವುದು ಅಲ್ಲಿಂದಲೇ. ಇದು ಗ್ರಾಫಿಡೇಸಿ ಎಂಬ ಲೈಕೆನ್ ಕುಟುಂಬ. ಎಲ್ಲದಕ್ಕೂ ಗೆರೆಯೇ ಇರಬೇಕೆಂದಿಲ್ಲ. ಇದೇ ಕುಟುಂಬದ ಒಸೆಲ್ಯುಲೇರಿಯಾ, ತೆಲೋಟ್ರೀಮಾ ಎಂಬ ಲೈಕೆನ್‌ಗಳಲ್ಲಿ ದುಂಡನೆಯ ಪುಟ್ಟ ತೂತುಗಳು. ಇವುಗಳಲ್ಲಿ ಬಹುಪಾಲಿನ ಜೊತೆಗಾರ ಟ್ರೆಂಟೆಪೋಲಿಯಾ ಎಂಬ ಪಾಚಿ. ಮಳೆ ಜಾಸ್ತಿ ಇರುವ ಕಡೆ ಗೋಡೆ, ಮರ ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತವಲ್ವಾ, ಅದರ ಹಿಂದೆಯೂ ಹೆಚ್ಚಾಗಿ ಇದೇ ಪಾಚಿ ಇರುತ್ತದೆ.

ಜಗತ್ತಿನಲ್ಲಿ ಈ ಕುಟುಂಬದ 2,000ಕ್ಕೂ ಹೆಚ್ಚು ಪ್ರಭೇದಗಳು ಗೊತ್ತಾಗಿವೆ. 2014ರಲ್ಲಿ ಒಂದೇ ಲೇಖನದಲ್ಲಿ 175 ಹೊಸ ಪ್ರಭೇದಗಳನ್ನು ಪ್ರಕಟಿಸಿದರು, ಒಂದೇ ಲೇಖನದಲ್ಲಿ! ಹಾಗಿರುವಾಗ ನಮ್ಮ ತೋಟದ ಮರದ ಮೇಲೆ ಇರುವುದು ಯಾವುದೆಂದು ನೋಡದೆಯೇ ಕೆರೆದು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅರೇಬಿಕಾ ಕಾಫಿ ಗಿಡದ ಮಾತು ಬೇರೆ. ಬಿಳಿ ಕಾಂಡ ಕೊರಕ ಎಂಬ ದುಂಬಿ ಅದರ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಹಾಗಾಗಿ ಅಲ್ಲಿ ಸಡಿಲವಾದ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಲೇಬೇಕು. ಬೆಳೆ ಉಳಿಸಿಕೊಳ್ಳುವವರಿಗೆ ಅದು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ನಾರು ಹಿಡಿದು ನೆರಳು ಮರಕ್ಕೂ ಕೈ ಹಾಕುವುದು ಯಾಕೆ? ಕೂಲಿಯೂ ದಂಡ. ಲೈಕೆನ್ ಬೆಳೆಯುವುದು ಬಹಳ ನಿಧಾನ. ಅಂಗೈಯಗಲದ ಕಲೆಯೊಂದಕ್ಕೆ ಎಷ್ಟೋ ವರ್ಷ ಬೇಕು.

ಈ ಸಲ ಮರ ಕಪಾತಿಗೆ ಆಳು ಕರೆದಾಗ ಒಂದು ಮಾತು ಹೇಳಿಬಿಡಿ: ಕೊಂಬೆ ಎಷ್ಟು ಬೇಕೋ ಅಷ್ಟು ಕಡಿಯಿರಿ, ಕಾಂಡ ಮುಟ್ಟಬೇಡಿ.